ಎಕ್ಸ್ ಇರಲಿ

ಜನವರಿ 6

ಅತ್ತಿಗೆಯವರಿಗೆ ನಮಸ್ಕಾರ.

ಆರು ವರ್ಷದ ಮೇಲೆ ನನ್ನ ಕಾಗದ ಕಂಡು ಯಾರಿಗೇನಾಯಿತೋ ಎಂದು ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ. ನನಗೆ ಲೆಕ್ಕ ಬರುವುದಿಲ್ಲ, ಅಷ್ಟೇ. ನನಗೆ ಗೊತ್ತಿರುವ ಗಣಿತದ ಟೀಚರ್ ನೀವೊಬ್ಬರೇ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನನ್ನ ಬಾಯಿ ಜೋರಾಗುತ್ತದೆ. ಅದು ನಿಮಗೂ ಗೊತ್ತು.

ಆಸ್ಪತ್ರೆಯ ಲಾಂಡ್ರಿಯಲ್ಲಿ ನಾನಿನ್ನೂ ಇಸ್ತ್ರಿ ಯಂತ್ರದ ಮುಂದೆಯೇ ನಿಂತಿದ್ದೇನೆ. ಇಪ್ಪತ್ತೆರಡು ವರ್ಷ ಆವಿ ಕುಡಿದು ಬಲಗೈ ಮಣಿಕಟ್ಟು ಸೋತಿದೆ. ಇನ್ನೊಂದು ವರ್ಷ ಹೀಗೇ ಎಳೆದಾಡಿದರೆ ಸೌಟು ಹಿಡಿಯಲೂ ಕೈ ಬರುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಇಲ್ಲಿ ಪಾಳಿಯ ಮೇಲ್ವಿಚಾರಕಿಯ ಜಾಗ ಖಾಲಿಯಾಗುತ್ತಿದೆ. ಅದಕ್ಕೆ ಮಾರ್ಚ್ ಹನ್ನೆರಡಕ್ಕೆ ಪರೀಕ್ಷೆ, ವರ್ಷಕ್ಕೆ ಒಂದೇ ಸಲ. ಐವತ್ತು ತುಂಬಿದವರು ಕೂರುವಂತಿಲ್ಲ. ನನಗೆ ನಲವತ್ತೊಂಬತ್ತು. ಆರು ವರ್ಷದ ಹಿಂದೊಮ್ಮೆ ಅರ್ಜಿ ಹಾಕಿದ್ದೆ, ಅದು ಆಗಲಿಲ್ಲ. ಈಗ ಇದೇ ಮೊದಲು, ಇದೇ ಕೊನೆ.

ಭಾಷೆ ಹೇಗೋ ದಾಟುತ್ತೇನೆ. ಕೈಕೊಡುವುದು ಕಥೆಯ ಹಾಗಿರುವ ಲೆಕ್ಕಗಳು. ಒಂದನ್ನು ಕೇಳಿ: 'ಒಂದೇ ಸಮನಾಗಿ ಚೆಂಡು ತುಂಬಿದ ಎರಡು ಚೀಲಗಳಿವೆ. ಜೊತೆಗೆ ಏಳು ಬಿಡಿ ಚೆಂಡುಗಳಿವೆ. ಒಟ್ಟು ಮೂವತ್ತೊಂದು. ಒಂದು ಚೀಲದಲ್ಲಿ ಎಷ್ಟು?' ಚೀಲ ಬಿಚ್ಚಿ ಎಣಿಸಿದರೆ ಮುಗಿಯಿತಲ್ಲ ಎಂದುಕೊಂಡು ಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ನೋಡಿದೆ. ಮೊದಲ ಸಾಲೇ, 'ಒಂದು ಚೀಲದಲ್ಲಿರುವ ಚೆಂಡುಗಳ ಸಂಖ್ಯೆ ಎಕ್ಸ್ ಇರಲಿ.'

ಇರಲಿ! ಪುಸ್ತಕ ಬರೆದವರೇ ಇರಲಿ ಬಿಡು ಎಂದ ಮೇಲೆ ನಾನೇಕೆ ತಲೆ ಕೆಡಿಸಿಕೊಳ್ಳಲಿ ಎಂದು ಪುಟ ತಿರುಗಿಸಿದೆ. ಮುಂದಿನದರಲ್ಲೂ ಇರಲಿ, ಅದರ ಮುಂದಿನದರಲ್ಲೂ ಇರಲಿ. ಇಷ್ಟು ಉದಾರಿಗಳಾದವರು ಲೆಕ್ಕವನ್ನು ಕೊಟ್ಟಿದ್ದಾದರೂ ಯಾಕೆ? ನಗಬೇಡಿ. ನಿಜವಾಗಿಯೂ ಗೊತ್ತಾಗದೆ ಕೇಳುತ್ತಿದ್ದೇನೆ.

ನಿಮ್ಮ ನಾದಿನಿ

ಜನವರಿ 13

ನಾದಿನಿಗೆ,

ಕಾಗದ ತಲುಪಿತು.

ಆ 'ಇರಲಿ' ಎಂದರೆ ಬಿಟ್ಟುಬಿಡು ಅಂತಲ್ಲ. ಇರಗೊಡು ಅಂತ. ಇಲ್ಲೇ ಇರಲಿ, ನಮ್ಮ ಜೊತೆಗೇ ಇರಲಿ ಎನ್ನುವಂತೆ. ಚೀಲದಲ್ಲಿ ಎಷ್ಟಿದೆ ಎಂದು ನಿನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಓಡಿಸಬೇಡ. ಕರೆದು ಕೂರಿಸು. ಹೆಸರು ಗೊತ್ತಿಲ್ಲದಿದ್ದರೆ ಸದ್ಯಕ್ಕೊಂದು ಹೆಸರಿಡು, ಎಕ್ಸ್ ಅಂತ. ಆಮೇಲೆ ಗೊತ್ತಿರುವವರ ಜೊತೆ ಹೇಗೆ ನಡೆದುಕೊಳ್ಳುತ್ತೀಯೋ ಅದರ ಜೊತೆಗೂ ಹಾಗೇ ನಡೆದುಕೋ.

ತಕ್ಕಡಿ ನಿನಗೆ ಹೊಸದಲ್ಲ. ಒಂದು ತಟ್ಟೆಯಲ್ಲಿ ಎರಡು ಚೀಲ, ಏಳು ಚೆಂಡು. ಇನ್ನೊಂದರಲ್ಲಿ ಮೂವತ್ತೊಂದು ಚೆಂಡು. ಮುಳ್ಳು ನೆಟ್ಟಗಿದೆ. ಎರಡೂ ಕಡೆಯಿಂದ ಏಳೇಳು ತೆಗೆ. ಮುಳ್ಳು ಅಲ್ಲಾಡುವುದಿಲ್ಲ. ಎರಡು ಚೀಲಕ್ಕೆ ಇಪ್ಪತ್ತನಾಲ್ಕು ಉಳಿಯಿತು. ಎರಡೂ ತಟ್ಟೆಯಲ್ಲಿ ಅರ್ಧ ಮಾತ್ರ ಇಟ್ಟುಕೋ. ಒಂದು ಚೀಲಕ್ಕೆ ಹನ್ನೆರಡು. ಚೀಲದ ಬಾಯಿ ಬಿಚ್ಚಲೇ ಇಲ್ಲ, ನೋಡು.

ಇದನ್ನು ಮಾಡಿ ಕಳಿಸು: ಒಂದು ಸಂಖ್ಯೆಯ ಮೂರರಷ್ಟಕ್ಕೆ ಐದು ಸೇರಿಸಿದರೆ ಇಪ್ಪತ್ತಾರು.

ಆ ಸಾಲನ್ನು ಇಪ್ಪತ್ತೇಳು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ನೀನು ಓದಿದ ಹಾಗೆ ಇದುವರೆಗೆ ಯಾರೂ ಓದಿರಲಿಲ್ಲ.

ಅತ್ತಿಗೆ

ಜನವರಿ 24

ಅತ್ತಿಗೆಗೆ,

ನಿಮ್ಮ ಲೆಕ್ಕಕ್ಕೆ ಉತ್ತರ ಏಳು. ಅದು ಇರಲಿ. ಬಿಟ್ಟುಬಿಡಿ ಅಂತ ಹೇಳುವ ಇರಲಿ ಇದು. ಈಗ ಇಲ್ಲಿ ನಡೆದದ್ದನ್ನು ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಸುಟ್ಟಗಾಯದ ವಾರ್ಡಿಗೆ ಹೋಗುವ ಬಟ್ಟೆಯನ್ನು ನಾವು ಕಟ್ಟು ಕಟ್ಟಿ, ಮೊಹರು ಹಾಕಿ, ಟ್ರಾಲಿಯಲ್ಲಿ ಇಡುತ್ತೇವೆ. ವಾರ್ಡಿನ ಬಾಗಿಲು ದಾಟುವ ಮುಂಚೆ ಮೊಹರು ಒಡೆದರೆ ಅಷ್ಟನ್ನೂ ಮತ್ತೆ ತೊಳೆಯಬೇಕು. ಮಂಗಳವಾರ ಒಂದು ಟ್ರಾಲಿಯ ಚೀಟಿ ಕಳೆದುಹೋಯಿತು. ಒಳಗೆಷ್ಟಿದೆ ಯಾರಿಗೂ ಗೊತ್ತಿಲ್ಲ, ವಾರ್ಡಿನವರೋ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಾರೆ. ಉಗ್ರಾಣದವರು ಕತ್ತರಿ ಹಿಡಿದು ಬಂದೇಬಿಟ್ಟರು.

ನನ್ನ ಬಾಯಿಂದ ತಾನಾಗಿ ಬಂತು. "ಸ್ವಲ್ಪ ತಡೀರಿ. ಬಿಚ್ಚದೇನೇ ಹೇಳ್ತೀನಿ."

"ನಿಮಗೇನು ಗೋಡೆ ಆಚೆ ಇರೋದೂ ಕಾಣುತ್ತಾ?" ಅಂದರು.

ಟ್ರಾಲಿಯನ್ನು ತೂಕದ ಯಂತ್ರದ ಮೇಲೆ ಹತ್ತಿಸಿದೆ. ನಲವತ್ತೆರಡು ಕಿಲೋ. ಖಾಲಿ ಟ್ರಾಲಿ ಹದಿನೆಂಟು. ಒಂದು ಬೆಡ್‌ಶೀಟ್ ಆರು ನೂರು ಗ್ರಾಂ, ಒಂದು ದಿಂಬಿನ ಕವರ್ ನೂರು. ಒಂದು ಹಾಸಿಗೆಗೆ ಒಂದು ಶೀಟು, ಎರಡು ಕವರ್, ಅದು ನಮ್ಮಲ್ಲಿ ತಪ್ಪುವುದಿಲ್ಲ. ಹಾಳೆ ಸಿಗಲಿಲ್ಲ. ಇಸ್ತ್ರಿ ಮೇಜಿನ ಅಂಚಿನಲ್ಲಿ ಸೀಮೆಸುಣ್ಣದಲ್ಲಿ ಬರೆದೆ: ಶೀಟುಗಳು ಎಕ್ಸ್ ಇರಲಿ. ಹಾಗಾದರೆ ಕವರುಗಳು ಎರಡು ಎಕ್ಸ್. ಒಂದೊಂದು ಎಕ್ಸ್‌ಗೂ ಎಂಟು ನೂರು ಗ್ರಾಂ ಬಿತ್ತು. ಎರಡೂ ಕಡೆಯಿಂದ ಟ್ರಾಲಿಯ ಹದಿನೆಂಟು ತೆಗೆದೆ. ಉಳಿದದ್ದು ಇಪ್ಪತ್ತನಾಲ್ಕು ಕಿಲೋ. ಎಂಟು ನೂರರಿಂದ ಭಾಗಿಸಿದೆ. ಮೂವತ್ತು.

"ಮೂವತ್ತು ಶೀಟು, ಅರವತ್ತು ಕವರ್. ಬರ್ಕೊಳ್ಳಿ" ಅಂದೆ. ಟ್ರಾಲಿಯ ಹಿಂದೆಯೇ ನಾನೂ ವಾರ್ಡಿನ ಬಾಗಿಲಿನವರೆಗೂ ಹೋದೆ. ಒಳಗೆ ನರ್ಸು ಒಂದೊಂದೇ ಎಣಿಸುವುದು ಗಾಜಿನಲ್ಲಿ ಕಾಣುತ್ತಿತ್ತು. ಎಣಿಸಿ ಮುಗಿಸಿ ಮೂರು ಬೆರಳು ತೋರಿಸಿ, ಆಮೇಲೆ ಸೊನ್ನೆ ತೋರಿಸಿದರು.

ಅತ್ತಿಗೆ, ನನ್ನ ಮೈ ಜುಮ್ಮೆಂದಿತು. ಇಷ್ಟು ವರ್ಷ ಸಾವಿರಾರು ಶೀಟು ಮಡಿಸಿದ್ದೇನೆ, ಒಂದಕ್ಕೂ ನನ್ನ ಕಣ್ಣಲ್ಲಿ ನೀರು ತರಿಸುವ ಶಕ್ತಿ ಇರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡು, ಅದಕ್ಕೊಂದು ಹೆಸರಿಟ್ಟು, ಮರ್ಯಾದೆಯಿಂದ ಜೊತೆಯಲ್ಲಿ ನಡೆಸಿಕೊಂಡು ಹೋದರೆ, ಕೊನೆಗೆ ಅದೇ ಎದುರಿಗೆ ನಿಂತು ನಾನು ಇಂಥದ್ದು ಎಂದು ಹೇಳುತ್ತದೆ! ಇಂಥದ್ದೊಂದು ಲೋಕದಲ್ಲಿ ಇದೆ ಎಂದು ನನಗೆ ಯಾರೂ ಯಾಕೆ ಹೇಳಲಿಲ್ಲ? ನೀವು ದಿನಾ ಇದನ್ನು ಮಾಡಿಯೂ ಅಷ್ಟು ತಣ್ಣಗೆ ಹೇಗಿರುತ್ತೀರಿ?

ಉಗ್ರಾಣದವರು ಈಗ ನನ್ನನ್ನು 'ಎಕ್ಸ್-ರೇ ಅಮ್ಮ' ಎಂದು ಕರೆಯುತ್ತಾರೆ. ಲೆಕ್ಕ ಕಳಿಸಿ. ಜಾಸ್ತಿಯೇ ಕಳಿಸಿ.

ನಾದಿನಿ

ಜನವರಿ 31

ನಾದಿನಿಗೆ,

ನಿನ್ನ ಕಾಗದವನ್ನು ತರಗತಿಯಲ್ಲಿ ಓದಿ ಹೇಳಿದೆ, ಹೆಸರು ಹೇಳದೆ. ಹಿಂದಿನ ಬೆಂಚಿನವರು ಕೂಡ ಮೂವತ್ತು ಎಂದು ಕೂಗಿದರು. ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತು ಇನ್ನೊಮ್ಮೆ ಓದಿದೆ. ನಾನು ತಣ್ಣಗಿರುತ್ತೇನೆ ಅಂದೆಯಲ್ಲ. ಮೊದಲು ಹಾಗಿರಲಿಲ್ಲ. ಅಭ್ಯಾಸವಾಗಿಬಿಟ್ಟಿತು, ಅದೊಂದು ದೊಡ್ಡ ನಷ್ಟ ಎಂದು ನಿನ್ನ ಕಾಗದ ಓದಿದ ಮೇಲೆ ಗೊತ್ತಾಯಿತು.

ನಿಮ್ಮಣ್ಣ ತಕ್ಕಡಿ ರಿಪೇರಿ ಮಾಡಿ ಮುಗಿಸಿದಾಗಲೆಲ್ಲ ಖಾಲಿ ತಟ್ಟೆಗಳನ್ನು ಬಿಟ್ಟು ಮುಳ್ಳು ನಿಲ್ಲುವವರೆಗೂ ಉಸಿರು ಹಿಡಿದು ಕಾಯುತ್ತಿದ್ದರು. ಎಷ್ಟೋ ಸಾವಿರ ತಕ್ಕಡಿ ಮಾಡಿದ ಮೇಲೂ ಹಾಗೇ. ನಿಮ್ಮ ಮನೆತನಕ್ಕೇ ಅದು ಬಂದಿದೆ ಅಂತ ಕಾಣುತ್ತದೆ.

ಇದರ ಜೊತೆ ಇಪ್ಪತ್ತು ಲೆಕ್ಕ ಇಟ್ಟಿದ್ದೇನೆ. ಕೊನೆಯ ಎಂಟು ವಯಸ್ಸಿನವು. ಪರೀಕ್ಷೆಯಲ್ಲಿ ಅದೊಂದು ತಪ್ಪದೆ ಬರುತ್ತದೆ, ಹತ್ತು ಅಂಕಕ್ಕೆ. ಮಣಿಕಟ್ಟಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದೀಯಾ?

ಅತ್ತಿಗೆ

ಫೆಬ್ರವರಿ 7

ಅತ್ತಿಗೆಗೆ,

ಹನ್ನೆರಡು ಮಾಡಿದ್ದೇನೆ, ನೋಡಿ. ವಯಸ್ಸಿನ ಎಂಟನ್ನು ಮುಟ್ಟಿಲ್ಲ. ಬಾರದ್ದಕ್ಕಲ್ಲ. 'ಅಣ್ಣ ತಂಗಿಗಿಂತ' ಎಂದು ಓದುತ್ತಿದ್ದಂತೆಯೇ ಕೈ ನಿಂತುಬಿಡುತ್ತದೆ.

ನನಗೆ ಏಳು ವರ್ಷವಿದ್ದಾಗಿನ ಮಾತು. ನಾವಿಬ್ಬರೂ ಹುಟ್ಟಿದ್ದು ಒಂದೇ ತಾರೀಕು, ಆರು ವರ್ಷದ ಅಂತರದಲ್ಲಿ. ಅವನ ಹಿಂದೆಯೇ ಸುತ್ತುತ್ತೇನೆಂದು ನನ್ನನ್ನು 'ಬಾಲ' ಎಂದು ಕರೆಯುತ್ತಿದ್ದ. "ಅಣ್ಣಾ, ನಾನು ಯಾವಾಗ ನಿನ್ನಷ್ಟು ದೊಡ್ಡವಳಾಗೋದು?" ಎಂದು ಕೇಳಿದೆ. ಅಪ್ಪನ ತಕ್ಕಡಿ ಎತ್ತಿಕೊಂಡು ಬಂದ. ಒಂದು ತಟ್ಟೆಯಲ್ಲಿ ಏಳು ನಟ್ಟು, ಅದು ನಾನು. ಇನ್ನೊಂದರಲ್ಲಿ ಹದಿಮೂರು, ಅದು ಅವನು. "ಒಂದು ವರ್ಷ ಆಯ್ತು ಅಂದ್ಕೋ" ಎಂದು ಎರಡೂ ಕಡೆ ಒಂದೊಂದು ಹಾಕಿದ. ಇನ್ನೊಂದು ವರ್ಷ, ಮತ್ತೆ ಒಂದೊಂದು. ಅವನ ತಟ್ಟೆ ಕೆಳಗೇ. ಆಮೇಲೆ ಎರಡೂ ಕಡೆಯಿಂದ ಒಂದೊಂದಾಗಿ ತೆಗೆಯುತ್ತಾ ಬಂದ. ನನ್ನ ತಟ್ಟೆ ಖಾಲಿಯಾದಾಗ ಅವನದರಲ್ಲಿ ಆರು ಉಳಿದವು. "ನೋಡ್ದ್ಯಾ ಬಾಲ? ಎಷ್ಟು ವರ್ಷ ಸೇರಿಸು, ಎಷ್ಟು ವರ್ಷ ತೆಗಿ, ಈ ಆರು ಎಲ್ಲೂ ಹೋಗಲ್ಲ. ನಾನು ಯಾವಾಗ್ಲೂ ಮುಂದೆ." ನಾನು ಅತ್ತೆ. ಅವನು ಬಿದ್ದು ಬಿದ್ದು ನಕ್ಕ.

ಅತ್ತಿಗೆ, ಅವನು ನಲವತ್ತೊಂಬತ್ತಕ್ಕೆ ನಿಂತುಬಿಟ್ಟ. ಆಗ ನನಗೆ ನಲವತ್ತಮೂರು. ನಿನ್ನೆ ಊಟದ ಬಿಡುವಿನಲ್ಲಿ ಬರೆದು ನೋಡಿದೆ. ಎಷ್ಟು ವರ್ಷಕ್ಕೆ ನಾನು ಅವನಷ್ಟಾಗುತ್ತೇನೆ? ಎಕ್ಸ್ ಇರಲಿ. ನನ್ನ ಕಡೆ ಮಾತ್ರ ಎಕ್ಸ್ ಬಂತು, ಅವನ ಕಡೆಗೆ ಇನ್ನು ಏನೂ ಸೇರುವುದಿಲ್ಲ. ನಲವತ್ತಮೂರಕ್ಕೆ ಎಕ್ಸ್ ಸೇರಿದರೆ ನಲವತ್ತೊಂಬತ್ತು. ಉತ್ತರ ಆರು. ಅದೇ ಆರು! ಎಲ್ಲೂ ಹೋಗಲ್ಲ ಅಂದಿದ್ದನಲ್ಲ, ಆ ಆರೇ ಇಷ್ಟು ವರ್ಷ ನನಗಾಗಿ ಕಾದು ಕೂತಿತ್ತು. ಭಯವೂ ಆಯಿತು, ಕೈ ಮುಗಿಯಬೇಕೆಂದೂ ಅನ್ನಿಸಿತು. ಮಾರ್ಚ್ ಮೂವತ್ತಕ್ಕೆ ಅವನು ಹೋಗಿ ಆರು ವರ್ಷ. ಆ ದಿನ ನಾವಿಬ್ಬರೂ ಸಮ. ಮಾರನೆಯ ದಿನದಿಂದ ನಾನೇ ದೊಡ್ಡವಳು.

ಇಷ್ಟು ಬರೆದ ಮೇಲೆ ಇನ್ನೊಂದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರೆ. ಏಳು ವಾರ ಹಾಸಿಗೆ ಹಿಡಿದಿದ್ದ. ಅಷ್ಟರಲ್ಲಿ ನೀವು ನನಗೆ ಎರಡು ಕಾಗದ ಬರೆದಿರಿ. ಎರಡರಲ್ಲೂ 'ಇಲ್ಲಿ ಎಲ್ಲ ಕ್ಷೇಮ'. ನಾನು ಬಂದಾಗ ಅವನ ಚಪ್ಪಲಿ ಮಾತ್ರ ಬಾಗಿಲಲ್ಲಿತ್ತು. ಯಾಕೆ ಹಾಗೆ ಮಾಡಿದಿರಿ? ಬಾಲ ಇಲ್ಲದೆ ಅವನನ್ನು ಕಳಿಸಿಕೊಟ್ಟಿರಲ್ಲ.

ನಾದಿನಿ

ಫೆಬ್ರವರಿ 27

ಅತ್ತಿಗೆಗೆ,

ಇಪ್ಪತ್ತು ದಿನವಾಯಿತು. ಪೋಸ್ಟಿನವರನ್ನು ದಿನಾ ಕೇಳಿ ಕೇಳಿ ಅವರೀಗ ನನ್ನನ್ನು ಕಂಡರೆ ದೂರದಿಂದಲೇ ತಲೆಯಲ್ಲಾಡಿಸುತ್ತಾರೆ. ಕಾಗದದಲ್ಲೂ ನನ್ನ ಬಾಯಿ ಜೋರೇ ಎಂದು ಗೊತ್ತಾಯಿತು. ಕೇಳಿದ್ದು ತಪ್ಪಲ್ಲ, ಕೇಳಿದ ರೀತಿ ತಪ್ಪು.

ಪರೀಕ್ಷೆಗೆ ಹದಿಮೂರು ದಿನ ಉಳಿದಿದೆ. ವಯಸ್ಸಿನ ಲೆಕ್ಕಗಳು ಹಾಗೇ ಇವೆ. ಲೆಕ್ಕ ಕಳಿಸದಿದ್ದರೂ ಪರವಾಗಿಲ್ಲ, ಒಂದು ಸಾಲು ಬರೆಯಿರಿ.

ನಾದಿನಿ

ಮಾರ್ಚ್ 3

ಬಾಲ,

ಅವರು ಕರೆಯುತ್ತಿದ್ದ ಹೆಸರಿನಿಂದ ಕರೆಯುತ್ತಿದ್ದೇನೆ. ಇದನ್ನು ಓದಿದ ಮೇಲೆ ಬೇಡ ಎಂದರೆ ನಿಲ್ಲಿಸುತ್ತೇನೆ.

ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ನಾಲ್ಕು ಸಲ ಬರೆದು ಹರಿದೆ. ನಿನ್ನ ಮೊದಲ ಕಾಗದದಿಂದಲೇ ಇದು ಶುರುವಾಯಿತು. 'ಇರಲಿ ಎಂದರೆ ಬಿಟ್ಟುಬಿಡು ಅಂತಲ್ಲ' ಎಂದು ನಾನೇ ಬರೆದು, ಪೋಸ್ಟ್ ಡಬ್ಬಿಗೆ ಹಾಕಿ, ಬಸ್ಸು ಹತ್ತಿ ಕೂತೆ. ಎರಡು ಸ್ಟಾಪ್ ದಾಟುವಷ್ಟರಲ್ಲಿ ಇನ್ನೊಂದು 'ಇರಲಿ' ನೆನಪಾಯಿತು. ಇಳಿಯಬೇಕಾದ ಕಡೆ ಇಳಿಯಲಿಲ್ಲ.

ಮೊದಲ ಐದು ವಾರ ಡಾಕ್ಟರು ವಾಸಿಯಾಗುತ್ತದೆ ಎಂದೇ ಹೇಳುತ್ತಿದ್ದರು, ನಾನು ನಂಬಿದ್ದೆ. ಆ ಎರಡು ಕಾಗದ ಆಗ ಬರೆದದ್ದು. ಕೊನೆಯ ವಾರ ಒಂದು ಮಧ್ಯಾಹ್ನ ಕಿಟಕಿಯ ಪರದೆ ಸರಿಸಿ ಅವರ ಹತ್ತಿರ ಕೂತೆ. ಕಣ್ಣು ಮುಚ್ಚಿದ್ದರು. "ತಂಗೀನ ಕರೆಸ್ಲಾ?" ಎಂದು ಕೇಳಿದೆ. ತುಟಿ ಅಲ್ಲಾಡಿತು. ಮೊದಲೇನೋ ಅಂದರು, ಅದು ಕೇಳಿಸಲಿಲ್ಲ. ಕೊನೆಯ ಮಾತು ಮಾತ್ರ ಕೇಳಿಸಿತು. "ಇರ್ಲಿ."

ಏಪ್ರಿಲ್ ಎರಡಕ್ಕೆ ನಿನಗೆ ಪರೀಕ್ಷೆ ಇತ್ತು. ಅದು ಅವರಿಗೂ ಗೊತ್ತಿತ್ತು. ಪರೀಕ್ಷೆ ಕೆಡಬಾರದೆಂದು ಇರಲಿ ಬಿಡು ಅನ್ನುತ್ತಿದ್ದಾರೆ ಎಂದುಕೊಂಡೆ. ಮತ್ತೊಮ್ಮೆ ಕೇಳಲಿಲ್ಲ. ಮೂರನೇ ದಿನ ಅವರು ಹೋದರು. ನೀನು ಬಾಗಿಲಲ್ಲಿ ನಿಂತು ಕೂಗಾಡಿದಾಗ ನಿಮ್ಮಣ್ಣನೇ ಬೇಡ ಅಂದರು ಎಂದು ಹೇಳಬಹುದಿತ್ತು. ಸತ್ತವರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳಬಾರದು ಎಂದು ತುಟಿಪಿಟಕ್ಕೆನ್ನದೆ ನಿಂತೆ. ಆರು ವರ್ಷ ಅದೇ ನನ್ನ ದೊಡ್ಡತನ ಎಂದು ನಂಬಿಕೊಂಡಿದ್ದೆ.

ಈಗ ಹೇಳು. ಅವರು ಅಂದದ್ದು ಯಾವ ಇರಲಿ? ಕರೆಸಬೇಡ, ಇರಲಿ ಬಿಡು ಅಂತಲೋ? ಕರೆಸು, ಬಾಲ ಇಲ್ಲಿ ಇರಲಿ ಅಂತಲೋ? ನೀನು ಪುಸ್ತಕ ಓದಿ ತಪ್ಪು ತಿಳಿದದ್ದಕ್ಕೆ ಜನವರಿಯಲ್ಲಿ ನಾನು ಒಳಗೊಳಗೇ ನಕ್ಕಿದ್ದೆ. ಅದೇ ತಪ್ಪನ್ನು, ಒಬ್ಬ ಮನುಷ್ಯನ ಕೊನೆಯ ವಾರದಲ್ಲಿ, ನಾನು ಮಾಡಿದ್ದೇನೋ ಏನೋ. ಗಣಿತದ ಟೀಚರ್ ನಾನು.

ವಯಸ್ಸಿನ ಲೆಕ್ಕಕ್ಕೆ ಹೆದರಬೇಡ. ಎಲ್ಲರಿಗಿಂತ ಚಿಕ್ಕವರನ್ನು ಎಕ್ಸ್ ಎಂದಿಟ್ಟುಕೋ. ಹೋಗಿ ಬರೆದು ಬಾ. ನನ್ನ ಮೇಲಿನ ಸಿಟ್ಟಿಗೆ ಈ ಸಲದ ಪರೀಕ್ಷೆಯನ್ನು ಬಲಿ ಕೊಡಬೇಡ.

ಅತ್ತಿಗೆ

ಮಾರ್ಚ್ 22

ಪ್ರೀತಿಯ ಅತ್ತಿಗೆಗೆ,

ಮೊದಲು ಸುದ್ದಿ. ಪಾಸು. ನೂರಕ್ಕೆ ಎಪ್ಪತ್ತಮೂರು. ಏಪ್ರಿಲ್ ಒಂದರಿಂದ ಕೈಯಲ್ಲಿ ಇಸ್ತ್ರಿ ಹಿಡಿ ಇಲ್ಲ, ಪೆನ್ನು. ಫಲಿತಾಂಶ ಅಂಟಿಸಿದ ಬೋರ್ಡಿನ ಮುಂದೆ ಉಗ್ರಾಣದವರು ನಿಂತು, "ಎಕ್ಸ್-ರೇ ಅಮ್ಮ, ಇದನ್ನೂ ಮೊದಲೇ ನೋಡ್ಬಿಟ್ಟಿದ್ರಾ?" ಎಂದು ರೇಗಿಸಿದರು.

ಕಾಗದ ತಡವಾದದ್ದಕ್ಕೆ ಕಾರಣ ಇದೆ. ನಿಮ್ಮದನ್ನು ಮೂರು ಸಲ ಓದಿದೆ. ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಅಳು ಬಂತು, ಆದರೆ ಅದರಲ್ಲಿ ಅರ್ಧ ನಿಮಗಾಗಿ ಬಂದದ್ದು. ಬಾಗಿಲಲ್ಲಿ ನಾನು ಕೂಗಾಡುತ್ತಿದ್ದಾಗ ನೀವು ಸೆರಗಿನ ತುದಿ ಸುತ್ತುತ್ತಾ ಸುಮ್ಮನೆ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಕೊಬ್ಬು ಎಂದುಕೊಂಡಿದ್ದೆ. ನಾನೂ ಒಂದು ಮಾತು ಮುಚ್ಚಿಟ್ಟಿದ್ದೇನೆ. ಆ ವರ್ಷದ ಪರೀಕ್ಷೆಗೆ ನಾನು ಹೋಗಲೇ ಇಲ್ಲ. ಯಾರ ಪರೀಕ್ಷೆ ಉಳಿಯಲಿ ಎಂದು ನೀವು ಸುಮ್ಮನಿದ್ದಿರೋ ಅವಳು ಪುಸ್ತಕ ಕಟ್ಟಿ ಅಟ್ಟಕ್ಕೆ ಎಸೆದಿದ್ದಳು.

ಪರೀಕ್ಷೆಯಲ್ಲಿ ವಯಸ್ಸಿನ ಲೆಕ್ಕ ಬಂತು. ಕೊನೆಯ ಪ್ರಶ್ನೆ. ತಾಯಿಯ ವಯಸ್ಸು ಮಗಳ ನಾಲ್ಕರಷ್ಟು, ಇಪ್ಪತ್ತು ವರ್ಷದ ಮೇಲೆ ಎರಡರಷ್ಟು. ಕೈ ನಿಂತಿತು. ದೊಡ್ಡ ಕೋಣೆ, ಮೇಲೆ ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು, ಮುಂದಿನವರ ಬೆನ್ನು ಬಿಟ್ಟರೆ ಏನೂ ಕಾಣದು. ಆಮೇಲೆ ಬರೆದೆ, 'ಮಗಳ ವಯಸ್ಸು ಎಕ್ಸ್ ಇರಲಿ'. ಆ ಕೊನೆಯ ಪದವನ್ನು ಬರೆಯುವಾಗ ಅಣ್ಣನ ದನಿ ಕಿವಿಯಲ್ಲಿ ಕೇಳಿದ ಹಾಗಾಯಿತು. ಯಾವ ಅರ್ಥದಲ್ಲಿ ಎಂದು ಕೇಳಬೇಡಿ. ದನಿ ಮಾತ್ರ ಕೇಳಿತು. ಅಲ್ಲಿಂದಾಚೆ ಕೈ ನಿಲ್ಲಲಿಲ್ಲ. ಮಗಳಿಗೆ ಹತ್ತು, ತಾಯಿಗೆ ನಲವತ್ತು.

ಇನ್ನು ನಿಮ್ಮ ಪ್ರಶ್ನೆ. ಅಣ್ಣ ಅಂದದ್ದು ಯಾವ ಇರಲಿ? ಹತ್ತು ದಿನ ಅದನ್ನೇ ತಿರುವಿ ಹಾಕಿದೆ. ಟ್ರಾಲಿಯಾಗಿದ್ದರೆ ತೂಕ ಹಾಕಬಹುದಿತ್ತು. ಆದರೆ ಇದನ್ನು ಬಿಡಿಸಲು ನಮ್ಮ ಹತ್ತಿರ ಲೆಕ್ಕದ ಇನ್ನೊಂದು ಸಾಲು ಇಲ್ಲ, ಹೇಳಬೇಕಾದವನೇ ಮೊಹರು ಹಾಕಿಕೊಂಡು ಹೋದ. ಹಾಗಂತ ಓಡಿಸಬೇಡ, ಕರೆದು ಕೂರಿಸು, ಹೆಸರಿಡು ಎಂದು ನೀವೇ ಹೇಳಿಕೊಟ್ಟಿದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ. ಅಣ್ಣನ ಮನಸ್ಸಿನಲ್ಲಿದ್ದದ್ದು ಎಕ್ಸ್ ಇರಲಿ.

ಅದನ್ನು ತಕ್ಕಡಿಯಲ್ಲಿ ಇಟ್ಟು ನೋಡಿದೆ, ಅತ್ತಿಗೆ. ಗೊತ್ತಿಲ್ಲ ಎನ್ನುವುದು ನಿಮ್ಮ ತಟ್ಟೆಯಲ್ಲೂ ಇದೆ, ನನ್ನ ತಟ್ಟೆಯಲ್ಲೂ ಇದೆ. ಎರಡೂ ಕಡೆ ಅದೇ ಎಕ್ಸ್, ಒಂದು ಗುಲಗಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಎರಡೂ ಕಡೆಯಲ್ಲಿ ಒಂದೇ ಇದ್ದರೆ ಏನು ಮಾಡಬೇಕು? ಎರಡೂ ಕಡೆಯಿಂದ ತೆಗೆಯಬೇಕು. ಅದು ಎಷ್ಟೇ ಇದ್ದಿರಲಿ, ಏನೇ ಆಗಿರಲಿ, ಮುಳ್ಳು ಅಲ್ಲಾಡುವುದಿಲ್ಲ! ಬಿಡಿಸದೆಯೂ ಇಳಿಸಬಹುದಾದ ಲೆಕ್ಕವಿದೆ ಎಂದು ಹೊಳೆದಾಗ ಒಗೆಯುವ ಯಂತ್ರದ ಸದ್ದಿನ ನಡುವೆ ಒಬ್ಬಳೇ ನಿಂತು ಜೋರಾಗಿ ನಕ್ಕುಬಿಟ್ಟೆ. ತೆಗೆದ ಮೇಲೆ ಒಂದು ತಟ್ಟೆಯಲ್ಲಿ ನೀವು ಉಳಿಯುತ್ತೀರಿ, ಇನ್ನೊಂದರಲ್ಲಿ ನಾನು.

ಮೂವತ್ತನೇ ತಾರೀಕು ಭಾನುವಾರ. ನಾನು ಅಣ್ಣನಷ್ಟಾಗುವ ದಿನ. ಆ ದಿನ ಒಬ್ಬಳೇ ಇರಲಾರೆ. ಅವತ್ತು ನಮ್ಮ ಮನೆಯಲ್ಲಿ ಅತ್ತಿಗೆ ಇರಲಿ.

ಇದು ಯಾವ ಇರಲಿ ಎಂದು ಬಿಡಿಸಿ ಹೇಳಬೇಕಾಗಿಲ್ಲ ತಾನೇ?

ನಿಮ್ಮ ಬಾಲ

ಮಾರ್ಚ್ 25

ಬಾಲ,

ಎಪ್ಪತ್ತಮೂರು ಕಡಿಮೆಯಾಯಿತು. ಎಲ್ಲಿ ಕಳೆದುಕೊಂಡೆ ಎಂದು ಬಂದಾಗ ನೋಡುತ್ತೇನೆ, ಪ್ರಶ್ನೆಪತ್ರಿಕೆ ತೆಗೆದಿಡು.

ಶನಿವಾರ ಶಾಲೆ ಮುಗಿಸಿ ಎರಡು ಗಂಟೆಯ ಬಸ್ಸು ಹತ್ತುತ್ತೇನೆ. ನಿಮ್ಮಪ್ಪನ ಆ ಹಳೆಯ ತಕ್ಕಡಿ ಇಲ್ಲಿದೆ, ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಜೊತೆಗೆ ಒಂದು ಡಬ್ಬಿ ನಟ್ಟು. ಅವರ ತಟ್ಟೆಗೆ ನಲವತ್ತೊಂಬತ್ತು ನಾನು ಹಾಕುತ್ತೇನೆ. ನಿನ್ನ ತಟ್ಟೆಗೆ ನೀನೇ ಎಣಿಸಿ ಹಾಕು. ಮುಳ್ಳು ನಿಲ್ಲುವವರೆಗೂ ಇಬ್ಬರೂ ಉಸಿರು ಹಿಡಿದು ಕಾಯೋಣ.

ಅವತ್ತು ಮನೆಯಲ್ಲಿ ಅತ್ತಿಗೆ ಇರಲಿ ಅಂದೆಯಲ್ಲ.

ಇರುತ್ತೇನೆ.